ಕಾಜಲ ತೆಗೆದ ಕಲ್ಲು

ತಮ್ಮಾ ಯಲಗೂರಪ್ಪ,

ನೀನು ಹೋದಾಗ ಎಂಟನೇ ತರಗತಿಯಲ್ಲಿದ್ದ ನಿನ್ನ ಮಗಳು ಕಾಜಲ ಈಗ ಕೊಲ್ಹಾಪುರದಲ್ಲಿ ಕಿಡ್ನಿ ಡಾಕ್ಟರು. ಮೊನ್ನೆ ನನ್ನ ಕಿಡ್ನಿಯ ಕಲ್ಲನ್ನು ಅವಳೇ ತೆಗೆದಳು. ಬೆನ್ನಿನಲ್ಲಿ ಕಿರುಬೆರಳಷ್ಟು ತೂತು ಮಾಡಿ, ದುರ್ಬೀನು ಬಿಟ್ಟು, ಕಲ್ಲನ್ನು ಪುಡಿ ಮಾಡಿ ಹೊರತಂದಳು. ನನ್ನ ಎರಡೂ ಕಿಡ್ನಿಗಳು ಕೆಳಗೆ ಕೂಡಿಕೊಂಡು ಕುದುರೆ ಲಾಳದಂತಿರುವುದರಿಂದ ಒಳಗೆ ದಾರಿ ಸಿಗುವುದೇ ಕಷ್ಟವಂತೆ. ಮರುದಿನವೇ ನಾನು ಎದ್ದು ನಡೆದಾಡಿದೆ.

ದೊಡ್ಡ ಡಾಕ್ಟರು ವಾರ್ಡಿಗೆ ಬಂದು, "ಈಕಿ ಕೈ ಒಂಚೂರೂ ನಡಗಲಿಲ್ಲ ನೋಡ್ರಿ. ಯಾರ ಮಗಳ್ರಿ ಈಕಿ?" ಎಂದರು.

"ಇಚಲಕರಂಜ್ಯಾಗ ಮಗ್ಗ ನಡಸ್ತಿದ್ದ ಯಲಗೂರಪ್ಪನ ಮಗಳ್ರಿ!" ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದೆ.

ಸಂಜೆ ಕಾಜಲ ನನ್ನ ಸ್ಕ್ಯಾನ್ ಹಿಡಿದು ಕುಳಿತಳು. "ಅತ್ತಿ, ಇಂಥಾ ಕಿಡ್ನಿ ಅಪ್ಪಗ ಕೊಡಾಕ ಬರ್ತಿರಲಿಲ್ಲ. ಅವಂಗ್ಯಾಕ ಹೇಳ್ಲಿಲ್ರಿ?"

ಅಂದು ನಿನ್ನ ಎರಡೂ ಕಿಡ್ನಿ ಕೆಟ್ಟಾಗ ನನ್ನದೊಂದನ್ನು ಕೊಡಲು ಒಪ್ಪಿದ್ದೆ, ಕೂಡಿಕೊಂಡ ಕಿಡ್ನಿ ಎಂದು ಡಾಕ್ಟರೇ ಬೇಡವೆಂದಿದ್ದರು. ಆ ರಿಪೋರ್ಟು ಹಿಡಿದು ಬಂದಾಗ ನೀನು, "ಅಕ್ಕಾ, ನಿನಗ ಕೊಡೂ ಮನಸಿಲ್ಲ ಬಿಡು" ಎಂದೆ. ಸಿಟ್ಟಿಗೆ ಅದನ್ನು ಚೀಲದಿಂದ ತೆಗೆಯಲೇ ಇಲ್ಲ. ಮರುವಾರ ನೀನಿರಲಿಲ್ಲ.

ಇದಿಷ್ಟನ್ನೂ ಅವಳಿಗೆ ಹೇಳಿದೆ. ಕಾಜಲ ಸ್ಕ್ಯಾನ್ ಪಕ್ಕಕ್ಕಿಟ್ಟು, ಹಣಿಗೆ ತಂದು ನನ್ನ ಕೆದರಿದ ಕೂದಲು ಬಾಚಿ ಹೆರಳು ಹಾಕಿದಳು.

ನಿನ್ನ ಅಕ್ಕ,
ಚೆನ್ನವ್ವ