ಹೊರಮುಖದ ಬೂಟು

ಕ್ಯೋಟೊ
ನವೆಂಬರ್ ೨೬

ಪ್ರೀತಿಯ ಕಿನುಕೊ,

ಕ್ಷೇಮವೇ? ಮೊನ್ನೆ ನೀನು ಫೋನಿನಲ್ಲಿ, ನಗೋಯಾದ ಮಗಳ ಮನೆಗೆ ಹೋದಾಗ ಮೀನಿನ ಹೋಟೆಲಿನಲ್ಲಿ ಚಪ್ಪಲಿ ಕಳುವಾಯಿತೆಂದು ಗೋಳಾಡಿದೆ. ಮತ್ತೆ ನೀನು ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ಮನೆಯಲ್ಲೇ ಇದ್ದೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ವರ್ಷಕ್ಕೆ ಹತ್ತೇ ದಿನ ತೆರೆಯುವ ಆ ಝೆನ್ ದೇಗುಲದ ಮರಳಿನ ತೋಟವನ್ನು ಜೊತೆಗೇ ನೋಡೋಣವೆಂದು ಶಾಲೆಯ ದಿನಗಳಿಂದ ನಮ್ಮ ಮಾತಾಗಿತ್ತಲ್ಲ? ಹದಿನಾಲ್ಕರಂದು ನಾನು ಒಬ್ಬಳೇ ಹೋದೆ. ನೀನು ನಗೋಯಾದಲ್ಲಿದ್ದೆ, ನಮ್ಮ ಯಜಮಾನರು ಮೊರಿಯೊ ಹಳೆಯ ಸಹೋದ್ಯೋಗಿಯ ಅಂತ್ಯಕ್ರಿಯೆಯೆಂದು ಕಪ್ಪು ಟೈ ಕಟ್ಟಿಕೊಂಡು ಒಸಾಕಾಗೆ ಹೊರಟಿದ್ದರು. ನಿನಗೆ ದ್ರೋಹ ಮಾಡುತ್ತಿದ್ದೇನೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೊಂದುಕೊಂಡೆ. ನಗು ಬರುತ್ತಿದೆಯೇ? ನನಗೂ.

ದೇಗುಲದ ಬಾಗಿಲಲ್ಲಿ, ಅಂದು ಬೆಳಿಗ್ಗೆ ನಾನೇ ಪಾಲಿಶ್ ಹಾಕಿದ ಕಪ್ಪು ಬೂಟು. ಪಕ್ಕದಲ್ಲಿ, ನಿನಗೆ ಅರವತ್ತಾದಾಗ ನಾನೇ ಕೊಟ್ಟ ನೇರಳೆ ಬಾರಿನ ಚಪ್ಪಲಿ. ಅಷ್ಟಾದರೆ ಸಹಿಸುತ್ತಿದ್ದೆನೇನೋ. ಆದರೆ ಹೊರಡುವಾಗ ಕಾಲಿಗೆ ಸಲೀಸಾಗಲೆಂದು ಬೂಟಿನ ಮೂತಿಯನ್ನು ಯಾರೋ ಹೊರಗೆ ತಿರುಗಿಸಿಟ್ಟಿದ್ದರು. ಅವರು ತಾವಾಗಿ ತಿರುಗಿಸುವವರಲ್ಲ. ಮೂವತ್ತೆಂಟು ವರ್ಷ ನಾನು ಬಗ್ಗಿ ತಿರುಗಿಸಿದ್ದೇನೆ. ಅಂದು ಬಗ್ಗಿದವಳು ನೀನು.

ಒಳಗೆ ಬಂದೆ. ಜಗಲಿಯಲ್ಲಿ ನಿಮ್ಮಿಬ್ಬರ ಬೆನ್ನು, ಅದರಾಚೆ ಗೆರೆಗೆರೆಯಾಗಿ ಬಾಚಿದ ಬಿಳಿ ಮರಳು, ಹಾವಸೆ ಹತ್ತಿದ ಬಂಡೆಗಳು. ಕಂಬದ ಮರೆಯಲ್ಲಿ ನಿಂತೆ.

"ಫುಸಾಯೊ ಬಂದಿದ್ರೆ, ಈ ಕಲ್ಲು ಹೊತ್ತೋರಿಗೆಲ್ಲ ಊಟ ಯಾರು ಹಾಕಿದ್ರೋ ಅಂತ ಕೇಳ್ತಿದ್ಲು," ಎಂದೆ ನೀನು.

"ಅವ್ಳಿಗೆ ತೋಟ ಅಂದ್ರೆ ಮೂಲಂಗಿ ಕಣೇ," ಎಂದರು ಅವರು.

ಇಬ್ಬರೂ ನಕ್ಕಿರಿ. ನಿಜ ಹೇಳಲೇ? ಆ ಬಂಡೆಗಳನ್ನು ಕಂಡೊಡನೆ ನಾನು ಯೋಚಿಸಿದ್ದೂ ಆ ಊಟವನ್ನೇ. ನನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು ಲೋಕದಲ್ಲಿ ನೀವಿಬ್ಬರೇ ಇದ್ದಿರಿ.

ಸಂಜೆ ಅವರು ಬಂದರು. ಸಾವಿನ ಮನೆಯಿಂದ ಬಂದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಉಪ್ಪು ಎರಚಬೇಕಲ್ಲ, ಎರಚಿದೆ. ಚಿಟಿಕೆಯಲ್ಲ, ಬೊಗಸೆ. ಅವರು ತಲೆಬಾಗಿ ನಿಂತು, "ಪಾಪ, ಒಳ್ಳೇ ಮನುಷ್ಯ, ಹೋಗ್ಬಿಟ್ಟ," ಎಂದರು. "ಹೌದು, ನಂಗೂ ಗೊತ್ತಿದ್ದೋರೇ," ಎಂದೆ. ಒಳಗೆಲ್ಲ ನಾಟಕ, ಹೊರಗಷ್ಟೇ ಸೂತಕ.

ಇರಲಿ. ತೋಟವನ್ನು ಜೊತೆಗೇ ನೋಡುವ ಮಾತು ನಡೆಯಿತೆಂದೇ ತಿಳಿದುಕೋ. ಒಂದೇ ಜಗಲಿಯಲ್ಲಿದ್ದೆವಲ್ಲ.

ನಿನ್ನ ಗೆಳತಿಯಾಗಿದ್ದ
ಫುಸಾಯೊ

ತಾ.ಕ.: ಈ ಪತ್ರವಿದ್ದ ಪೊಟ್ಟಣ ತಂದವರು ನಿನ್ನ ಬಾಗಿಲಲ್ಲೇ ನಿಂತಿರಬೇಕು. ಮೂಲಂಗಿ ಉಪ್ಪಿನಕಾಯಿ, ಕೊಟ್ಟು ಬನ್ನಿ ಎಂದು ಅವರಿಗೆ ಹೇಳಿ ಕಳಿಸಿದ್ದೇನೆ. ಒಳಗಿರುವುದು ನಿನ್ನ ನೇರಳೆ ಬಾರಿನ ಚಪ್ಪಲಿ, ಅಂದು ದೇಗುಲದ ಬಾಗಿಲಿಂದ ಕದ್ದವಳು ನಾನೇ. ಅದರಡಿಯಲ್ಲಿ ಅವರ ಕಪ್ಪು ಬೂಟು. ಅವರನ್ನು ಒಳಗೆ ಕರೆ. ಈ ಸಲ ಬೂಟು ತಿರುಗಿಸಿಡುವ ಶ್ರಮ ಬೇಡ. ಇಲ್ಲಿ ಬೀಗ ಬದಲಾಗಿದೆ.