ಬೆಳಕಿಗೆ ಹಿಡಿದ ಬಣ್ಣ

ಮಾರ್ಚ್ 3, ಬೆಳಗ್ಗೆ

ಬೂಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಕೆಳಗೆ ಭಾಮೈದ ಹಾರ್ನ್ ಹೊಡೆಯುತ್ತಿದ್ದಾನೆ. ಅವನ ಜೊತೆ ಜಿಮ್ಮಿಗೆ ಸೇರಿ ಇನ್ನೂ ವಾರವಾಗಿಲ್ಲ. ಕೊಲೆಸ್ಟರಾಲ್ ಮಾತ್ರೆ ಹೋದ ತಿಂಗಳಿನಿಂದ.

"ಮಾತ್ರೆ ಅರ್ಧ ಕೆಲಸ ಮಾಡುತ್ತೆ ಭಾವ, ಇನ್ನರ್ಧ ನಾವು ಮಾಡ್ಬೇಕು" ಅನ್ನುತ್ತಾನೆ. ಮಾತು ಸರಿಯೇ. ಅಣ್ಣ ಎರಡೂ ಮಾಡಲಿಲ್ಲ. ಎದೆನೋವನ್ನು ಒಬ್ಬರಿಗೂ ಹೇಳದೆ ಐವತ್ತೆರಡಕ್ಕೆ ಹೊರಟುಹೋದ. ನನಗೀಗ ಐವತ್ತೆರಡು. ಸಾಯಲು ಭಯ. ಯಾರ ಮುಂದೆಯೂ ಹೇಳುವ ಮಾತಲ್ಲ... ಇಲ್ಲಿ ಬರೆದರೆ ಏನಂತೆ.

ಮಾರ್ಚ್ 5

ಹೆಗಲ ಮೇಲೆ ಕಬ್ಬಿಣ ಹೇರಿಸಿ ಬಸ್ಕಿ ಹೊಡೆಸಿದ. ತೊಡೆ ಕಲ್ಲಾಗಿದೆ. "ಮೊದಮೊದಲು ಹಂಗೇ ಭಾವ, ಒಳ್ಳೆ ನೋವು ಅದು."

ಪೇಂಟ್ ಅಂಗಡಿಯಲ್ಲಿ ಒಬ್ಬ ಗಿರಾಕಿಯ ತಕರಾರು. ನಾನು ಕಲಸಿಕೊಟ್ಟ ಹಸಿರು ಬೂದಿಗೆ ತಿರುಗಿದೆಯಂತೆ. ಡಬ್ಬ ಹೊಸ್ತಿಲಾಚೆ ಒಯ್ದು ಮುಚ್ಚಳ ತೆಗೆದೆ. ಬಿಸಿಲಲ್ಲಿ ಹಸಿರು ಹಸಿರೇ. ಡಬ್ಬ ಎತ್ತಿಕೊಂಡು ಹೋದ. ಬಣ್ಣ ನೋಡುವುದಾದರೆ ಬಿಸಿಲಲ್ಲೇ ನೋಡಬೇಕು, ದೀಪವನ್ನು ನಂಬಬಾರದು. ಈ ಕೆಲಸಕ್ಕೆ ಬಂದಾಗಿನಿಂದ ಇದನ್ನೇ ಹೇಳಿ ಹೇಳಿ ಸಾಕಾಗಿದೆ.

ಮನೆಗೆ ಬಂದರೆ, "ಯಾಕ್ರೀ ಕುಂಟ್ತಿದ್ದೀರಾ?" ಅಂದಳು ಹೆಂಡತಿ. ಚಪ್ಪಲಿ ಕಚ್ಚಿದೆ ಅಂದೆ. "ಎರಡೂ ಕಾಲಿಗಾ?" ಅಂತ ಕೇಳಿ ನನ್ನನ್ನೇ ನೋಡಿದಳು.

ಮಾರ್ಚ್ 8

ಇವತ್ತೂ ಹೋದೆ. ತಲೆ ಬಾಚಲು ಕೈ ಮೇಲೇಳುತ್ತಿಲ್ಲ. ಅಂಗಡಿಯ ಏಣಿ ಹತ್ತಲಾಗದೆ ಅರ್ಧಕ್ಕೇ ಇಳಿದೆ. ಭಾಮೈದನಿಗೆ ಹೇಳಿದರೆ, "ಹಂಗಾದ್ರೆ ಆ ಮಾತ್ರೆನೇ ಬಿಟ್ಬಿಡಿ ಭಾವ, ಅದೇ ಮೈ ತಿಂತಿರೋದು." ಬಿಡಲು ಧೈರ್ಯ ಬರಲಿಲ್ಲ. ಜಿಮ್ ಬಿಡಲೂ ಬರಲಿಲ್ಲ.

ಉಚ್ಚೆ ಕೆಂಪಗೆ ಕಂಡಿತು. ಬಚ್ಚಲಲ್ಲಿ ಹಳದಿ ಬಲ್ಬು ಬೇರೆ... ತಪ್ಪು ಬಲ್ಬಿನದ್ದು ಅಂದುಕೊಂಡು ಬಂದೆ.

ಮಾರ್ಚ್ 9, ಬೆಳಗ್ಗೆ

ಮಲಗಿದರೂ ಆ ಬಣ್ಣವೇ ಕಣ್ಣ ಮುಂದೆ. ಊರಿಗೆಲ್ಲ ಬಿಸಿಲಲ್ಲಿ ನೋಡಿ ಎನ್ನುವವನು ನಾನು. ಎದ್ದು ಶೇಡ್ ಕಲಸುವ ಗಾಜಿನ ಬಾಟಲಿಯಲ್ಲಿ ಹಿಡಿದು ಬಾಲ್ಕನಿಗೆ ತಂದೆ. ಹಾಲಿಲ್ಲದ ಚಹಾದ ಬಣ್ಣ. ದಟ್ಟ ಕಂದು.

ಇವಳು ಬಟ್ಟೆ ಒಣಹಾಕಲು ಬಂದವಳು ಬಕೆಟ್ ಅಲ್ಲೇ ಇಟ್ಟಳು. "ಏನ್ರೀ ಅದು?" ಬಾಟಲಿ ಅವಳ ಕಡೆ ಚಾಚಿದೆ. ಆಟೋ ಕರೆಯಲು ಹೋಗಿದ್ದಾಳೆ—

ಮಾರ್ಚ್ 16

ಮನೆ. ಒಂದು ವಾರ ಆಸ್ಪತ್ರೆಯಲ್ಲಿ ಕೈಗೆ ಸೂಜಿ, ಡ್ರಿಪ್.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಮಾತ್ರೆನೂ ಬೇಕು, ವ್ಯಾಯಾಮನೂ ಬೇಕು. ಆದ್ರೆ ಮೈ ಒಗ್ಗೋ ಮುಂಚೆ ಅಷ್ಟು ಭಾರ ಎತ್ತಿದ್ದೀರಿ. ಮಾತ್ರೆ ಇರೋವಾಗ ಕೆಲವರಿಗೆ ಸ್ನಾಯು ತಡೆಯಲ್ಲ, ಒಡೆದು ರಕ್ತಕ್ಕೆ ಸೇರುತ್ತೆ. ನೀವು ನೋಡಿದ ಬಣ್ಣ ಅದರದ್ದೇ. ಇನ್ನೂ ತಡ ಮಾಡಿದ್ರೆ ಕಿಡ್ನಿ ಹೋಗ್ತಿತ್ತು." ರಕ್ತದ ಪರೀಕ್ಷೆ ಸರಿಬರುವವರೆಗೆ ಮಾತ್ರೆ ನಿಲ್ಲಿಸಿದ್ದಾರೆ. ಆಮೇಲೆ ಕಡಿಮೆ ಡೋಸು. ನಿಧಾನಕ್ಕೆ ನಡಿಗೆ. ವಿಪರೀತ ನೋವು, ನಿಶ್ಶಕ್ತಿ, ಆ ಬಣ್ಣ... ಏನೇ ಕಂಡರೂ ತಕ್ಷಣ ಬರಬೇಕು, ಸ್ವಂತ ಬುದ್ಧಿ ಓಡಿಸಬಾರದು.

ಭಾಮೈದ ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ತಲೆ ಎತ್ತದೆ ಕೂತಿದ್ದ. ಪಾಪ ಅನ್ನಿಸಿತು.

ಇವಳು ರಾತ್ರಿ ಹೇಳಿದಳು: "ನಿಮ್ಮಣ್ಣನೂ ಹೇಳ್ಲಿಲ್ಲ. ನಿಮ್ಮತ್ತಿಗೆ ಇವತ್ತಿಗೂ ಅದನ್ನೇ ನೆನೆಸ್ಕೊಂಡು ಅಳ್ತಾರೆ, ನನಗ್ಯಾಕೆ ಹೇಳ್ಲಿಲ್ಲ ಅಂತ. ನನ್ನನ್ನೂ ಹಂಗೆ ಮಾಡ್ಬೇಡಿ." ಗೋಡೆ ಕಡೆ ತಿರುಗಿ ಮಲಗಿದೆ. ಅಳು ಬಂತು.

ಏಪ್ರಿಲ್ 22

ಕಡಿಮೆ ಡೋಸಿನ ಮಾತ್ರೆ ಶುರುವಾಗಿ ಕೆಲವು ದಿನ. ಇವಳ ಜೊತೆ ಪಾರ್ಕಿನಲ್ಲಿ ನಡಿಗೆ. ಅಜ್ಜಂದಿರೆಲ್ಲ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. "ಹೋಗ್ಲಿ ಬಿಡಿ, ಅವ್ರಿಗೆ ಬಸ್ಸಿಗೆ ಹೊತ್ತಾಗಿರ್ಬೇಕು" ಅನ್ನುತ್ತಾಳೆ.

ಏಪ್ರಿಲ್ 24, ಬೆಳಗ್ಗೆ

ಬಣ್ಣ ಬಿಸಿಲಲ್ಲೇ ನೋಡಿದೆ, ತಿಳಿಯಾಗಿದೆ. ಆದರೆ ಎಡ ತೊಡೆ ಯಾಕೋ ಭಾರ. ನಿನ್ನೆಯ ನಡಿಗೆಯದ್ದೇ ಇರಬಹುದು. ಇಲ್ಲದೆಯೂ ಇರಬಹುದು. ಸುಮ್ಮನೆ ಅವಳನ್ನು ಹೆದರಿಸುವುದು ಯಾಕೆ, ಇಲ್ಲಿ ಬರೆದಿಟ್ಟರೆ ಸಾಕು ಅಂತ ಪೆನ್ನು ಹಿಡಿದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಎದ್ದಿದ್ದಾಳೆ. ಇದನ್ನು ಬರೆಯುವ ಬದಲು ಹೋಗಿ ಅವಳಿಗೆ—