ಮುಂಡರಗಿಯ ಮೊಳೆಗೆ ತೂಗುಬಿದ್ದ ಭದ್ರತಾ ಕೀಲಿ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಒಂದು ಮಾತನ್ನು ಬರೆಯದೇ ಬಿಡೋಣವೆಂದುಕೊಂಡಿದ್ದೆ. ನಿಮ್ಮ ಡಿಜಿಟಲ್ ಸಹಿಯ ಭದ್ರತಾ ಕೀಲಿ, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಆ ಸಾಧನ, ಮುಂಡರಗಿಯ ಜೆರಾಕ್ಸ್ ಅಂಗಡಿಯೊಂದರ ಮೊಳೆಗೆ ತೂಗುಬಿದ್ದಿದೆ. ಅದರ ಪಕ್ಕದಲ್ಲಿ ಸುತ್ತಲಿನ ಶಾಲೆಗಳ ಕೀಲಿಗಳು. ಪ್ರತಿಯೊಂದಕ್ಕೂ ಟೇಪು ಸುತ್ತಿ, ಯಾರದೆಂಬುದನ್ನೂ ಪಿನ್ ಸಂಖ್ಯೆಯನ್ನೂ ಬರೆದಿದ್ದಾರೆ. ನಿಮ್ಮದರ ಮೇಲೂ.

ನಾನು ಡೋಣಿ ಹತ್ತಿರದ ಪ್ರೌಢಶಾಲೆಯೊಂದರ ಮುಖ್ಯಶಿಕ್ಷಕಿ. ಹಣ ಉಳಿಯುತ್ತದೆಂದು ಶಾಲೆಗೆ ಮುಕ್ತ ತಂತ್ರಾಂಶದ ಲಿನಕ್ಸ್ ಕಂಪ್ಯೂಟರ್ ಕೊಟ್ಟವರು ನೀವು. ಪ್ರಮಾಣಪತ್ರಗಳಿಗೆ ಡಿಜಿಟಲ್ ಸಹಿಯೇ ಆಗಬೇಕೆಂದು ಕೀಲಿ ಕೊಟ್ಟವರೂ ನೀವೇ. ಎರಡನ್ನೂ ಒಮ್ಮೆ ಜೋಡಿಸಿ ನೋಡುವ ಪುರುಸೊತ್ತು ಮಾತ್ರ ಯಾರಿಗೂ ಸಿಗಲಿಲ್ಲ. 'ಕೀಲಿ ಪತ್ತೆಯಾಗಿಲ್ಲ' ಎನ್ನುತ್ತದೆ ನಿಮ್ಮ ಜಾಲತಾಣ. ತಪ್ಪು ನನ್ನದೇ ಇರಬಹುದೆಂದು ಎಷ್ಟೋ ದಿನ ತಿಣುಕಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರಿಂದ ಕಂಪ್ಯೂಟರಿನ ತಕರಾರುಗಳನ್ನು ಓದಲು ಬರುತ್ತದೆ. ಸಾಧನಗಳ ಪಟ್ಟಿಯಲ್ಲಿ ಕೀಲಿಯ ಹೆಸರು ಸ್ಪಷ್ಟವಾಗಿದೆ. ಅದನ್ನು ಬಳಸುವುದು ಹೇಗೆಂದು ಕಂಪ್ಯೂಟರಿಗೆ ತಿಳಿಯದು, ಅಷ್ಟೇ. ಕೀಲಿಯ ತಯಾರಕರೇ ಕೊಡುವ ಪುಟ್ಟ ತಂತ್ರಾಂಶವೊಂದನ್ನು ಅಳವಡಿಸಿದರೆ ಮುಗಿಯಿತು. ಆದರೆ ಅಳವಡಿಸುವ ಪಾಸ್‌ವರ್ಡ್ ನಿಮ್ಮ ಕಚೇರಿಯಲ್ಲಿದೆ. ಕೇಳಿದರೆ, 'ಭದ್ರತೆಯ ದೃಷ್ಟಿಯಿಂದ ಕೊಡಲಾಗದು' ಎಂಬ ಉತ್ತರ ಬಂತು. ಯಾವ ಭದ್ರತೆ, ಸ್ವಾಮಿ? ಮೊಳೆಯ ಮೇಲಿರುವುದೇ?

ಈ ವರ್ಷ ನಮ್ಮಲ್ಲಿ ಹತ್ತನೇ ತರಗತಿ ಪಾಸಾದ ರೋಜಾಳಿಗೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಸೀಟಿಗಾಗಿ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಬೇಕು. ಅವಳ ತಾಯಿ ದೇವವ್ವನ ಜೊತೆ, ಕೀಲಿ ಕೆಲಸ ಮಾಡುವ ಕಂಪ್ಯೂಟರಿರುವ ಆ ಜೆರಾಕ್ಸ್ ಅಂಗಡಿಗೆ ಹೋಗಿ, ನಾನೇ ಕುಳಿತು ಸಹಿ ಮಾಡುತ್ತೇನೆ ಎಂದೆ. ಅಂಗಡಿಯ ಮೊಹಸಿನ ನಕ್ಕ.

"ಸರ್ವರ್ ಯಾವಾಗ ಬರತೈತೋ ಯಾರಿಗೆ ಗೊತ್ರಿ ಮೇಡಂ? ಬಂದಾಗ ನಾನ ಸಹಿ ಒತ್ತತೀನಿ, ಕೀಲಿ ಬಿಟ್ಟು ಹೋಗ್ರಿ. ಸಾಹೇಬ್ರದ ಇಲ್ಲೈತಿ, ನಿಮ್ಮದೇನು ಬಂಗಾರದ್ದೇನ್ರಿ?"

ನಾನು ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದೆ. ಬಸ್ಸಿನಲ್ಲಿ ದೇವವ್ವ ಕೇಳಿದರು: "ಎಲ್ಲಾರೂ ಕೊಟ್ಟಾರಲ್ರಿ ಅಕ್ಕಾರ. ನಿಮ್ಮ ಕೀಲಿ ಜ್ವಾಕಿ ಆತು. ನನ್ನ ಮಗಳದೇನ್ರಿ?"

ನಿಯಮ ಪಾಲಿಸಿದೆನೆಂಬ ಸಮಾಧಾನ ನನ್ನದು, ನಷ್ಟ ಮಾತ್ರ ಆ ಹುಡುಗಿಯದು. ಇದನ್ನು ಪ್ರಾಮಾಣಿಕತೆ ಎನ್ನಬಹುದೇ?

ನಮ್ಮ ಕಂಪ್ಯೂಟರಿಗೆ ಆ ತಂತ್ರಾಂಶ ಅಳವಡಿಸಿಕೊಡಿ. ಅರ್ಧ ಗಂಟೆಯ ಕೆಲಸ. ರೋಜಾಳ ಅರ್ಜಿಗೆ ಜೂನ್ ಇಪ್ಪತ್ತು ಕೊನೆಯ ದಿನ. ಹದಿನೆಂಟರವರೆಗೆ ಕಾಯುತ್ತೇನೆ. ಆಗದಿದ್ದರೆ ಕೀಲಿಯನ್ನೂ ಪಿನ್ನನ್ನೂ ಮೊಹಸಿನನಿಗೆ ಒಪ್ಪಿಸುತ್ತೇನೆ. ಆಮೇಲೆ ನನ್ನ ಹೆಸರಿನಲ್ಲಿ ಏನೇನಕ್ಕೆ ಸಹಿ ಬಿತ್ತೆಂದು ನನ್ನನ್ನು ಕೇಳಬೇಡಿ.

ಇಂತಿ,
ಸಹಿಯ ಅಧಿಕಾರವಿದ್ದೂ ಸಹಿಯಿಲ್ಲದ ಮುಖ್ಯಶಿಕ್ಷಕಿ,
ಶಿವಲಕ್ಷ್ಮಿ

ಅಂಚೆಗೆ ಹಾಕುತ್ತಿರುವ ದಿನ: ಜೂನ್ ಹನ್ನೆರಡು, ಗುರುವಾರ